ಬಂಡಿ ಇಲ್ರಿ ಸಾಹೇಬ್ರ

ನಮ್ಮ ಮನೆಯಲ್ಲಿ ಬೆಳ್ಳುಳ್ಳಿ ಜಜ್ಜುವ ಕಲ್ಲೊಂದಿದೆ. ಗೇಣುದ್ದ, ಉರುಟು, ನುಣುಪು. ಅದೊಂದು ಸರ್ಕಾರಿ ದಾಖಲೆ ಎಂದರೆ ಕೊಟ್ಟೂರಿನ ನನ್ನ ಹೆಂಡತಿ ನಂಬುವುದಿಲ್ಲ, ನೀವಾದರೂ ನಂಬಿ. ಇವತ್ತು ಬೆಳಿಗ್ಗೆ ಅಡುಗೆಮನೆಯಿಂದ ಬೆಳ್ಳುಳ್ಳಿಯ ಘಾಟು ಬರುತ್ತಿದ್ದಾಗಲೇ ಕೂಡ್ಲಿಗಿಯಿಂದ ಕಿರಿಯ ಇಂಜಿನಿಯರನ ಫೋನು.

"ಸರ, ಸೇತುವಿ ಜಾಗದಾಗ ಹತ್ತಡಿಗೇ ಕಲ್ಲು ಹತ್ತೈತ್ರಿ. ಒಂದ್ ಕಡಿ ಕೊರದ್ರ ಸಾಕಲ್ರಿ?"

ಒಂದೇ ಕಡೆ! ಮೈಯೆಲ್ಲ ಉರಿಯಿತು. ಉರಿಯಲು ನನಗೆ ಹಕ್ಕಿಲ್ಲ, ಆ ಮಾತು ಬೇರೆ.

ಎಷ್ಟೋ ವರ್ಷಗಳ ಹಿಂದೆ ಮಂಡ್ಯದ ಕಡೆಯಿಂದ ಈ ಸೀಮೆಗೆ ಇಂಜಿನಿಯರನಾಗಿ ಹೊಸದಾಗಿ ಬಂದಿದ್ದೆ. ಹೊಸಹಳ್ಳಿ ಹತ್ತಿರದ ಊರೊಂದಕ್ಕೆ ನೀರಿನ ಟ್ಯಾಂಕು ಕಟ್ಟಬೇಕಿತ್ತು. ಅಳತೆಯ ದುರ್ಬೀನಿಗೆ ಕಣ್ಣಿಟ್ಟರೆ ಮೂರನೆಯ ಕಣ್ಣೇ ತೆರೆದಷ್ಟು ಗಾಂಭೀರ್ಯ ನನ್ನದು. ಎಂಟಡಿ ಗುಂಡಿ ತೋಡಿದಾಗ ಕಲ್ಲು ಹತ್ತಿತು. ಒಂದೇ ಕಡೆ ಕೊರೆಸಿ, ಬಂದ ಗೇಣುದ್ದದ ಉರುಟು ತುಂಡಿನ ಮೇಲೆ ಬಣ್ಣದಲ್ಲಿ 'ಬಂಡೆ' ಎಂದು ಬರೆದೆ.

ಊರಿನ ಬಾವಿಗಳನ್ನೆಲ್ಲ ತೋಡಿದ್ದ ದುರುಗಪ್ಪ ಗುಂಡಿಗಿಳಿದು, ಹಾರೆಯಿಂದ ಬಡಿದು, ಕಿವಿಗೊಟ್ಟ.

"ಬಂಡಿ ಇಲ್ರಿ ಸಾಹೇಬ್ರ."

"ಬಂಡಿ ಯಾಕಯ್ಯ? ಜೀಪಿದೆ."

ಕೊಡ ಹೊತ್ತು ನಿಂತಿದ್ದ ಹೆಂಗಸರು ನಕ್ಕರು. ನನ್ನ ಚಾಟೂಕ್ತಿಗೆಂದು ತಿಳಿದೆ. ಈ ಸೀಮೆಯಲ್ಲಿ ಮನೆ ಮನಿಯಾಗುವಂತೆ ಬಂಡೆ ಬಂಡಿಯಾಗುತ್ತದೆಂದು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ.

"ಗುಂಡ್ರಿ ಇದು. ತಳಗ ಬರೇ ಮಣ್ಣೈತಿ."

"ಗುಂಡಿಯೇ ಕಣಯ್ಯ, ತೋಡಿಸಿದವನೇ ನಾನು!"

ಪಾಪ, ಇದು ಬುಡವಿಲ್ಲದ ಬಿಡಿ ಗುಂಡುಕಲ್ಲು ಎಂದು ಅವನು ಇನ್ನೆಷ್ಟು ಬಿಡಿಸಿ ಹೇಳಬೇಕಿತ್ತು? ಟ್ಯಾಂಕು ಎದ್ದಿತು. ಮೊದಲ ಸಲ ನೀರು ತುಂಬಿಸಿದ ದಿನವೇ ಒಂದು ಕಾಲಿನಡಿಯ ಗುಂಡುಕಲ್ಲು ಮಣ್ಣಿನಲ್ಲಿ ಹಾಯಾಗಿ ಕೂತುಕೊಂಡಿತು. ಟ್ಯಾಂಕು ಕತ್ತು ವಾರೆ ಮಾಡಿ ನನ್ನನ್ನೇ ನೋಡಿತು. ನೀರಿಳಿಸಿದೆವು, ಮತ್ತೆ ತುಂಬಿಸಲಿಲ್ಲ. ಹೆಂಗಸರು ಕೊಡ ಹೊತ್ತು ಮತ್ತೆ ಹಳ್ಳದ ದಾರಿ ಹಿಡಿದರು. ಈ ಸಲ ಯಾರೂ ನಗಲಿಲ್ಲ.

ದುರುಗಪ್ಪ ಮಾತ್ರ ಹೇಳಿದ: "ಈಗ ಬಂಡಿ ತರಸ್ರಿ ಸಾಹೇಬ್ರ. ನೀರು ಹೇರಾಕ ಬೇಕಾಗ್ತೈತಿ."

"ಸರ, ಸಾಕಲ್ರಿ?" ಫೋನು ಇನ್ನೂ ಕಾಯುತ್ತಿತ್ತು.

"ಹತ್ತಿದ್ದು ಬಂಡೆಯೋ ಗುಂಡೋ?"

"ಕಲ್ಲು ಕಲ್ಲ ಅಲ್ಲೇನ್ರಿ?"

ಇಲ್ಲೇ ಹುಟ್ಟಿದವನು ಹೀಗೆನ್ನುತ್ತಾನಲ್ಲ, ಶಿವನೇ! "ಪ್ರತಿ ಕಂಬಕ್ಕೂ ಕೊರೆಸು. ಮೊದಲು ಬಾವಿ ತೋಡುವವರನ್ನು ಕರೆಸಿ ಕೇಳು. ಏನಂದರೆಂದು ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳು," ಎಂದೆ.

ಆಮೇಲೆ ಅಡುಗೆಮನೆಯ ಕಲ್ಲು ತೊಳೆದೆ. ಬಣ್ಣ ಮಾಸಿದ್ದರೂ 'ಬಂಡೆ' ಓದುವಂತಿತ್ತು. ಆ ಅಕ್ಷರಗಳ ಮೇಲೆ ಗೀಟೆಳೆದು, ಕೆಳಗೆ 'ಗುಂಡು' ಎಂದು ಬರೆದೆ.

"ಚಟ್ನಿಗೆ ಬಣ್ಣ ಹತ್ತತೈತಿ, ಏನ್ ಮಾಡಾಕತ್ತೀರಿ?" ಹೆಂಡತಿ ಕೇಳಿದಳು.

"ಸರ್ಕಾರಿ ದಾಖಲೆ ತಿದ್ದುತ್ತಿದ್ದೇನೆ."

"ಭಾಳ ಲಗೂನ ಆತು ಬಿಡ್ರಿ," ಎಂದಳು, ಕಲ್ಲನ್ನು ತಿರುಗಿಸಿ ಇನ್ನೊಂದು ತುದಿಯಿಂದ ಬೆಳ್ಳುಳ್ಳಿ ಜಜ್ಜುತ್ತಾ.