ಸ್ಟೇಷನ್ನಿನ ತೊಟ್ಟಿಲಿಗೆ ಹಾಸಿದ ಕೌದಿ

ಸ್ಟೇಷನ್ ಮಾಸ್ತರರ ಕುತ್ತಿಗೆ ಹೊರಳುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಬೇವಿನ ಗಿಡದಿಂದ ಬಿದ್ದಿದ್ದರಂತೆ. ಪಕ್ಕದಿಂದ ಯಾರಾದರೂ ಕರೆದರೆ ಮೊದಲು ಕಾಲು ತಿರುಗಬೇಕು, ಆಮೇಲೆ ಸೊಂಟ, ಆಮೇಲೆ ಹೆಗಲು, ಕಡೆಗೆ ಮುಖ. ಎಂಜಿನ್ನಿನ ಹಿಂದೆ ಡಬ್ಬಿಗಳು ತಿರುಗಿದ ಹಾಗೆ. ನಮ್ಮ ಜೋರಾಪುರ ಪೇಟೆಯ ಪೋರರು ಬೇಕೆಂತಲೇ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ನಿಂತು ‘ಮಾಸ್ತರ್ರ, ಮಾಸ್ತರ್ರ’ ಎಂದು ಕೂಗುತ್ತಿದ್ದರು. ಅವರು ಬೇಸರಪಡದೆ ಇಬ್ಬರ ಕಡೆಗೂ ಪೂರಾ ತಿರುಗಿ, ಇಬ್ಬರಿಗೂ ನಮಸ್ಕಾರ ಮಾಡಿ, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು.

ನಾನು ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಬರೆಯುವುದು ನನ್ನ ಕೆಲಸವಲ್ಲ, ಹೊಲಿಯುವುದು ನನ್ನ ಕೆಲಸ. ಆದರೆ ಈಗ ಮೊಮ್ಮಗಳು ಹುಟ್ಟಿ ಅಜ್ಜಿಯಾಗಿದ್ದೇನೆ, ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಓಣಿಯವರಿಗೆಲ್ಲ ಹೇಳಿ ಹೇಳಿ ಮುಗಿದಿದೆ. ನನ್ನನ್ನು ಕಂಡರೆ ಈಗ ಕೊಡ ಎತ್ತಿಕೊಂಡು ಆ ಕಡೆ ಹೊರಟುಬಿಡುತ್ತಾರೆ. ಅದಕ್ಕೇ ಕಾಗದಕ್ಕೆ ಹೇಳುತ್ತಿದ್ದೇನೆ. ಮೊಮ್ಮಗಳ ಮಾತು ತೆಗೆದರೆ ನನಗೆ ಮಾಸ್ತರರ ಮಾತು ಬಾರದೆ ಇರದು. ಯಾಕೆಂಬುದು ಓದುತ್ತ ಹೋದರೆ ತಿಳಿಯುತ್ತದೆ.

ಅವರು ಧಾರವಾಡದ ಕಡೆಯವರು. ಎರಡನೆಯ ಮಹಾಯುದ್ಧ ನಡೆದಿದ್ದಾಗ ವಿಜಾಪುರ ಸ್ಟೇಷನ್ನಿಗೆ ಬಂದರು. ಸ್ಟೇಷನ್ನಿನ ಪಕ್ಕದಲ್ಲೇ ಅವರಿಗೆ ಮನೆ ಇತ್ತು, ಆದರೆ ಅವರ ಹೆಂಡತಿಗೆ ದಮ್ಮಿನ ಬೇನೆ, ಎಂಜಿನ್ನಿನ ಹೊಗೆ ಆಗುತ್ತಿರಲಿಲ್ಲ. ಹೀಗಾಗಿ ನಮ್ಮ ಪೇಟೆಯಲ್ಲಿ, ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯನ್ನು ಬಾಡಿಗೆ ಹಿಡಿದರು. ಮಕ್ಕಳಿರಲಿಲ್ಲ. ಅವರಿಗೆ ಏನು ಸೇರಿದರೂ ಬಾಯಲ್ಲಿ ಒಂದೇ ಮಾತು: ‘ರೈಟ್ ಟೈಮ್!’ ಹದವಾಗಿ ಬೆಂದ ಝುಣಕಕ್ಕೆ ರೈಟ್ ಟೈಮ್. ಭೂತನಾಳ ಕೆರೆ ತುಂಬಿತೆಂದು ಸುದ್ದಿ ಬಂದರೆ ರೈಟ್ ಟೈಮ್. ಗಾಡಿ ಮಾತ್ರ ಎಂದೂ ರೈಟ್ ಟೈಮಿಗೆ ಬಂದದ್ದನ್ನು ನಾನು ಕೇಳಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಕೌದಿ ಹರವಿಕೊಂಡು ಕಡೆಯ ಅಂಚಿನ ಹೊಲಿಗೆ ಹಾಕುತ್ತ ಕೂತಿದ್ದೆ. ಅರಿವೆ-ಬಟ್ಟೆಗೆ ಬರ ಬಂದ ಕಾಲ ಅದು. ಒಂದು ಚಿಂದಿಯನ್ನೂ ಯಾರೂ ಬಿಸಾಡುತ್ತಿರಲಿಲ್ಲ. ನನ್ನ ಕೌದಿಯಲ್ಲಿ ಅವ್ವನ ಇಳಕಲ್ ಸೀರೆಯ ಸೆರಗಿತ್ತು, ಅಪ್ಪ ತಲೆಗೆ ಸುತ್ತುತ್ತಿದ್ದ ಕೆಂಪು ಪಟಗವಿತ್ತು, ಅತ್ತೆಯ ಹಳೆಯ ಖಣದ ಕುಪ್ಪಸವಿತ್ತು. ಹೊಲಿಗೆಯನ್ನು ನಡುವಿನಿಂದ ಸುತ್ತಿಸಿ ಸುತ್ತಿಸಿ ತಂದಿದ್ದೆ, ನೀರಿಗೆ ಕಲ್ಲು ಒಗೆದರೆ ತೆರೆ ಏಳುವ ಹಾಗೆ. ಮಾಸ್ತರರು ನಿಂತರು, ಪೂರಾ ತಿರುಗಿದರು.

“ಅಕ್ಕಾರ, ಇದನ್ನ ಯಾರು ಕಲಿಸಿದ್ರು?”

“ಕಲಸೂದೇನ್ರಿ? ಅವ್ವ ಹೊಲೀತಿದ್ಲು, ನಾ ನೋಡಿದೆ.”

“ಸ್ಟೇಷನ್ನಿಗೆ ಕೊಡ್ತೀರೇನ್ರಿ? ಎಲ್ಲಾರಿಗೂ ಕಾಣೂ ಹಂಗ ಇಡ್ತೇನಿ.”

ನನಗೆ ನಗು ಬಂತು. “ಸ್ಟೇಷನ್ನಿಗೆ ಥಂಡಿ ಹತ್ತೇದೇನ್ರಿ?”

ಅವರು ನಗಲಿಲ್ಲ. “ನೋಡ್ರಿ ಅಕ್ಕಾರ, ಹೊರಗಿನವ ಈ ಊರಿಗೆ ಬಂದ್ರ ಮೊದಲು ಕಾಣೂದು ನಮ್ಮ ಸ್ಟೇಷನ್ನು. ಅಲ್ಲಿ ಗೋಡಿ ಮ್ಯಾಲ ‘ಇಲ್ಲಿ ಉಗುಳಬಾರದು’ ಅಂತ ಬರದದ್ದು ಒಂದ ಐತಿ. ಈ ಊರಾಗ ಬರೇ ಉಗುಳೂ ಮಂದಿ ಅದಾರ ಅಂತ ತಿಳಕೊಂಡು ಹೋಗ್ತಾನ. ಅದಲ್ದ ನನಗ ಕುತ್ತಿಗಿ ಹೊರಳೂದಿಲ್ಲ. ದಿನಾ ಎದುರಿಗಿನ ಗೋಡಿನ ನೋಡಬೇಕು. ನನ್ನ ಸಲುವಾಗಿಯಾದ್ರೂ ಕೊಡ್ರಿ.”

ಬಬಲೇಶ್ವರದ ಬಡಿಗನೊಬ್ಬನಿಂದ ಅವರು ಸ್ಟೇಷನ್ನಿನಲ್ಲಿ ಇಡಲೆಂದು ಆಗಲೇ ಒಂದು ತೊಟ್ಟಿಲು ತರಿಸಿದ್ದರು. ನಾಲ್ಕೂ ಮೂಲೆಗೆ ಗಿಳಿ ಕೆತ್ತಿದ್ದು. ಟಿಕೋಟಾದಿಂದ ಎತ್ತಿನ ಬೆನ್ನಿಗೆ ಹಾಕುವ ಕನ್ನಡಿ ಕಸೂತಿಯ ಜೂಲ ತರಿಸಿದ್ದರು. ಇನ್ನು ನನ್ನ ಕೌದಿ. ಬಾಕಿನ ಮೇಲೆಯೋ ಮೇಜಿನ ಮೇಲೆಯೋ ಹಾಸುತ್ತಾರೆಂದು ತಿಳಿದು ಕೊಟ್ಟೆ. ಮಾಸ್ತರರು ಹಾಸಲಿಲ್ಲ. ಗಾಡಿ ಕಾಯುವ ಕೋಣೆಯ ದೊಡ್ಡ ಗೋಡೆಗೆ ಮೊಳೆ ಹೊಡೆದು ಉದ್ದಕ್ಕೆ ಇಳಿಬಿಟ್ಟರು.

ನಾನು ಹೋಗಿ ನೋಡಲಿಲ್ಲ. ಆಗ ಹೆಂಗಸರು ಕೆಲಸವಿಲ್ಲದೆ ಸ್ಟೇಷನ್ನಿಗೆ ಹೋಗುತ್ತಿರಲಿಲ್ಲ. ಆದರೆ ಸುದ್ದಿ ಮನೆಗೆ ಬರುತ್ತಿತ್ತು. ಕಾಯಿಪಲ್ಲೆಯವಳು ಬುಟ್ಟಿ ಇಳಿಸುತ್ತಲೇ ಹೇಳುವಳು: “ಏ ಯವ್ವಾ, ಟೊಪಿಗಿ ಸಾಹೇಬ ಒಬ್ಬಾಂವ ನಿನ್ನ ಕೌದಿ ಮುಂದ ಬಾಯಿ ತಕ್ಕೊಂಡು ನಿಂತಿದ್ದ. ಗಾಡಿ ಸೀಟಿ ಹೊಡದ್ರೂ ಖಬರಿಲ್ಲ.” ಆ ದಿನ ನಾನು ಬದನೆಕಾಯಿಗೆ ಚೌಕಾಸಿ ಮಾಡಲೇ ಇಲ್ಲ. ನನ್ನ ಗುರುತಿಲ್ಲದವರು, ನನ್ನ ಮುಖ ಕಾಣದವರು ನನ್ನ ಹೊಲಿಗೆ ನೋಡಿ ನಿಲ್ಲುತ್ತಾರೆಂದರೆ! ರೊಟ್ಟಿ ಬಡಿಯುವಾಗಲೂ ಅದೇ ನೆನಪು, ತಾನಾಗಿ ನಗು.

ಈಗ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮ ಮನೆತನಗಳಲ್ಲಿ ಯಾರಾದರೂ ತೀರಿಕೊಂಡರೆ ಅವರ ಕೌದಿಯ ಮಡಿಕೆ ಬಿಡಿಸಿ ಗೋಡೆಗೆ ಇಳಿಬಿಡುತ್ತಾರೆ. ದಾರಿಯಲ್ಲಿ ಹೋಗುವವರು ಅದನ್ನು ಕಂಡೇ ಚಪ್ಪಲಿ ಕಳೆದು ಒಳಗೆ ಬರುತ್ತಾರೆ. ಬಾಯಿಬಿಟ್ಟು ಹೇಳುವ ಕಾರಣವಿಲ್ಲ. ಮಾಸ್ತರರಿಗೆ ಇದು ತಿಳಿದಿರಲಿಲ್ಲ.

ಟಿಕೋಟಾದ ನನ್ನ ಅಣ್ಣ ಸೊಲ್ಲಾಪುರಕ್ಕೆ ಹೋದವನು ಮುಂಜಾನೆಯ ಗಾಡಿಗೆ ಇಳಿದ. ಕೋಣೆಯಲ್ಲಿ ಅಪ್ಪನ ಪಟಗ, ಅವ್ವನ ಸೆರಗು ಗೋಡೆಯ ಮೇಲೆ ತೂಗುತ್ತಿವೆ. ಅವನ ಕೈಯಲ್ಲಿದ್ದ ಗಂಟು ಅಲ್ಲಿಯೇ ಬಿತ್ತು.

ನಾನು ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದೆ. ಓಣಿಯ ತುದಿಯಿಂದ ಅಣ್ಣ ಬರಿಗಾಲಲ್ಲಿ, ತಲೆಗೆ ಟವೆಲ್ ಹೊದ್ದು, ದನಿ ತೆಗೆದು ಅಳುತ್ತ ಬಂದ. ಓಡಿಹೋಗಿ ಕೈ ಹಿಡಿದೆ.

“ಯಾರ್ ಹೋದ್ರೋ ಯಣ್ಣಾ?”

ಅಣ್ಣ ನನ್ನ ಮುಖವನ್ನೇ ನೋಡಿದ. “ನೀನ!” ಅಂದ.

ಒಳಗಿನಿಂದ ಅತ್ತೆ ಕೂಗಿದರು: “ಯಾರು ಸತ್ತಾರಂತ?”

“ನಿಮ್ಮ ಸೊಸಿರೀ.”

“ಯಾವಾಗ? ಈಗಿನ್ನ ರೊಟ್ಟಿ ಬಡದು ಎದ್ದಾಳಲ್ಲೋ!”

ಅಣ್ಣ ಕಟ್ಟೆಯ ಮೇಲೆ ಕುಸಿದು ಕೂತ. ನಕ್ಕನೋ ಅತ್ತನೋ ತಿಳಿಯಲಿಲ್ಲ. ಆಮೇಲೆ ತಟ್ಟನೆ ಹಣೆ ಬಡಿದುಕೊಂಡ. ಸ್ಟೇಷನ್ನಿನ ಮುಂದೆ ಊರ ಕಡೆ ಹೊರಟ ಲಾರಿ ಸಿಕ್ಕಿತ್ತಂತೆ. “ಮನಿಮಂದಿನ್ನೆಲ್ಲಾ ಕರಕೊಂಡು ಬರ್ರಿ, ತಂಗಿ ಹೋಗ್ಯಾಳ ಅಂತ ಹೇಳಿ ಕಳಿಸೇನಲ್ಲಬೇ!”

ನನ್ನ ಆಯುಷ್ಯ ಹೆಚ್ಚಾಯಿತೆಂದು ನೆರೆಯವರು ಸಕ್ಕರೆ ಹಂಚಿದರು. ಅಣ್ಣ ಮಾತ್ರ ಸಕ್ಕರೆ ಮುಟ್ಟಲಿಲ್ಲ. “ಗೋಡಿ ಮ್ಯಾಲಿನ ಕೌದಿ ಇಳಿಯೂತನಕಾ ಈ ಮನ್ಯಾಗ ನಾ ಉಣ್ಣಂಗಿಲ್ಲ” ಎಂದ. ಅತ್ತೆ ಅವನಿಗಿಂತ ಒಂದು ಕೈ ಮೇಲು. “ಅಲ್ಲಿ ಖಾಲಿ ತೊಟ್ಟಲಾನೂ ಇಟ್ಟಾರಂತ. ಬರೇ ತೊಟ್ಟಲಾ, ಸತ್ತವರ ಕೌದಿ. ಅದು ಸ್ಟೇಷನ್ನೋ ಸುಡಗಾಡೋ? ಇನ್ನ ಮ್ಯಾಲ ನಿನ್ನ ಹೊಲಿಗಿ ಹೊಸ್ತಿಲಾ ದಾಟೂದು ಬ್ಯಾಡ.” ನಮ್ಮ ಮನೆಯವರು ಅಂಗಡಿಯಿಂದ ಓಡಿಬಂದವರು ನನ್ನ ಮುಖ ನೋಡಿದರು, ತಾಯಿಯ ಮುಖ ನೋಡಿದರು, ಮತ್ತೆ ಅಂಗಡಿಗೆ ಹೊರಟರು.

ಎಲ್ಲರಿಗೂ ನಾನು ಬದುಕಿದ ಖುಷಿ. ನನಗೊಬ್ಬಳಿಗೇ ಸಂಕಟ. ಕೌದಿ ಮನೆಗೆ ಮರಳಿ ಬಂದರೆ ಅದು ಮತ್ತೆ ಟ್ರಂಕಿನ ಮೇಲಿನ ಗಂಟು. ನಿಂತು ನೋಡುವ ಸಾಹೇಬನಿಲ್ಲ, ಸುದ್ದಿ ತರುವ ಕಾಯಿಪಲ್ಲೆಯವಳಿಲ್ಲ. ಹಾಗೆಂದು ಬಾಯಿಬಿಟ್ಟು ಹೇಳಲು ಬರುತ್ತದೆಯೇ? ನನ್ನ ಸಲುವಾಗಿಯೇ ಅತ್ತು ಬಂದ ಅಣ್ಣ ಎದುರಿಗೆ ಹಸಿದು ಕೂತಿದ್ದಾನೆ.

ಸಂಜೆ ಮಾಸ್ತರರು ಡ್ಯೂಟಿ ಮುಗಿಸಿ ಬಂದರು. ಅವರಿಗೆ ಸುದ್ದಿ ಮುಟ್ಟಿತ್ತು. ಬೇರೆ ಯಾರಾದರೂ ಓದಿದ ಮನುಷ್ಯನಾಗಿದ್ದರೆ, ಇವೆಲ್ಲ ಹಳ್ಳಿಯವರ ಮೂಢನಂಬಿಕೆ ಎಂದು ನಗುತ್ತಿದ್ದನು. ಅವರು ಅಣ್ಣನ ಮುಂದೆ ನಿಂತು ಸೊಂಟದಿಂದ ಪೂರಾ ಬಾಗಿದರು. ಕುತ್ತಿಗೆ ಬಾಗದಲ್ಲ! ಕಾಲಿಗೆ ಬೀಳಲು ಬಂದರೆಂದು ತಿಳಿದು ಅಣ್ಣ ಹೌಹಾರಿ ಎದ್ದು ಅವರ ತೋಳು ಹಿಡಿದ.

“ಕೇಳದ ಮಾಡಿದೆ, ತಪ್ಪಾತು” ಎಂದರು ಮಾಸ್ತರರು. “ಈಗ ಇಳಿಸಿ ಮಡಚಿ ಇಟ್ಟು ಬಂದೇನಿ. ಆದ್ರ ಒಂದ ಮಾತು ಹೇಳ್ರಿ. ಗೋಡಿ ಮ್ಯಾಲ ಇದ್ರ ಸತ್ತವರ ಕೌದಿ. ಹೆಂಗ ಇದ್ರ ಜೀವಂತ ಇದ್ದವರ ಕೌದಿ?”

ಅಣ್ಣನಿಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಲೆಯ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡ. “ಹಾಸಿರಬೇಕ್ರಿ. ಅದರ ಮ್ಯಾಲ ಯಾರಾರ ಮಲಗಿರಬೇಕು.”

“ಮತ್ತ ತೊಟ್ಟಲಾ?”

“ಅದೂ ಹಂಗ. ಕೂಸು ಇರಬೇಕು” ಎಂದರು ಅತ್ತೆ ಬಾಗಿಲ ಹಿಂದಿನಿಂದ.

ಮಾಸ್ತರರ ಕಾಲು, ಸೊಂಟ, ಹೆಗಲು, ಎಲ್ಲ ನನ್ನ ಕಡೆ ತಿರುಗಿದವು. “ಅಕ್ಕಾರ, ಬಡಿಗನ ತೊಟ್ಟಲಾ ಖಾಲಿ ಐತಿ. ನಿಮ್ಮ ಕೌದಿ ಮಡಚಿ ಕುಂತೈತಿ. ಗಾಡಿ ಕಾಯೂ ಹೆಣ್ಣುಮಕ್ಕಳು ತಾಸುಗಟ್ಟಲೆ ಕೂಸು ಹೊತಗೊಂಡು ನಿಂತಿರತಾರ. ಹಾಸೋಣೇನ್ರಿ?”

ನಾನು ಅಣ್ಣನ ಮುಖ ನೋಡಿದೆ. ಅಣ್ಣ ಅತ್ತೆಯ ಬಾಗಿಲ ಕಡೆ ನೋಡಿದ. ಬಾಗಿಲ ಹಿಂದಿನಿಂದ ದನಿ ಬಂತು: “ಮೊದಲು ಮಲಗೂ ಕೂಸು ನಮ್ಮ ಪೈಕಿದ ಇರಬೇಕು. ಅಂದ್ರ ಹೂಂ ಅಂತೇನಿ.”

ಕೂಸನ್ನು ಎಲ್ಲಿಂದ ತರುವುದು? ಅದಾಗಲೇ ದಾರಿಯಲ್ಲಿತ್ತು. ಮರುದಿನ ಹೊತ್ತು ಏರುವ ಮೊದಲೇ ಟಿಕೋಟಾದ ಎತ್ತಿನ ಚಕ್ಕಡಿ ಓಣಿಯೊಳಗೆ ಬಂತು, ತುಂಬ ಹೆಂಗಸರು, ಎಲ್ಲರೂ ನನ್ನ ಗುಣಗಾನ ಮಾಡಿ ಅಳುತ್ತ. ನಾನು ಬಾಗಿಲಲ್ಲಿ ನಿಂತು ಪೂರಾ ಕೇಳಿಸಿಕೊಂಡೆ. ಜೀವಂತ ಇದ್ದಾಗ ನನ್ನನ್ನು ಯಾರೂ ಅಷ್ಟು ಹೊಗಳಿರಲಿಲ್ಲ. ದೊಡ್ಡ ಚಿಗವ್ವ ನನ್ನನ್ನು ಕಂಡು, ಅಳುವಿನ ನಡುವೆಯೇ, “ಏ ಸುಡ್ಲಿ, ಇಲ್ಲೇ ನಿಂತಾಳಲ್ಲೇ!” ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಅಣ್ಣನ ಸೊಸೆಯ ಮಡಿಲಲ್ಲಿ ಇನ್ನೂ ಹಲ್ಲು ಮೂಡದ ಕೂಸಿತ್ತು. ಗದ್ದಲಕ್ಕೆ ಎಚ್ಚರಾಗಿ ಅದೂ ಅಳುತ್ತಿತ್ತು.

ಎಲ್ಲರೂ ಅದೇ ಚಕ್ಕಡಿಯಲ್ಲಿ ಸ್ಟೇಷನ್ನಿಗೆ ಹೋದೆವು. ಮಾಸ್ತರರು ತೊಟ್ಟಿಲನ್ನು ಹೆಂಗಸರ ಕೋಣೆಗೆ ಸರಿಸಿ ಒರೆಸಿಟ್ಟಿದ್ದರು. ಬಡಿಗನ ಗಿಳಿಗಳ ನಡುವೆ ಕೌದಿಯನ್ನು ನಾಲ್ಕು ಪದರ ಮಾಡಿ ನಾನೇ ಹಾಸಿದೆ. ಸುತ್ತಿನ ಹೊಲಿಗೆ ಅಂಚಿನ ಹೊರಗೆ ಇಳಿದು ಕಾಣುವ ಹಾಗೆ. ಕೂಸನ್ನು ಮಲಗಿಸಿದರು. ಅದು ಒಂದು ಸಲ ಕಾಲು ಝಾಡಿಸಿ ಗಿಳಿಯನ್ನು ನೋಡುತ್ತ ಸುಮ್ಮನಾಯಿತು. ನನ್ನ ಹೆಣಕ್ಕೆ ಅಳಲು ಬಂದ ಹೆಂಗಸರು ಸಾಲಾಗಿ ಕೂತು ಜೋಗುಳ ಹಾಡಿದರು. ಗಾಡಿ ಕಾಯುತ್ತಿದ್ದ ಮಂದಿ ಬಾಗಿಲಲ್ಲಿ ಗುಂಪು ಕೂಡಿದರು. ಅಣ್ಣ ಪ್ಲಾಟ್‌ಫಾರಂ ಮೇಲೆ ಕೂತು, ಮಾಸ್ತರರ ಮನೆಯಿಂದ ಬಂದ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದ.

ಅಲ್ಲಿಂದ ಮುಂದೆ ಆ ತೊಟ್ಟಿಲು ಖಾಲಿ ಇದ್ದದ್ದು ಕಡಿಮೆ. ಕಾಖಂಡಕಿಯ ಕೂಸುಗಳು, ಗದಗಿನ ಕೂಸುಗಳು, ಯಾವ ಭಾಷೆಯೆಂದು ತಿಳಿಯದ ಸಿಪಾಯಿಗಳ ಮನೆಯ ಕೂಸುಗಳು. ತಾಯಂದಿರು ಗಿಳಿ ಮುಟ್ಟಿ ನೋಡುತ್ತಿದ್ದರು, ಹೊಲಿಗೆ ಎಣಿಸುತ್ತಿದ್ದರು, ಯಾರು ಮಾಡಿದ್ದೆಂದು ಕೇಳುತ್ತಿದ್ದರು. ಬಡಿಗನಿಗೆ ಮೂರು ಊರಿನಿಂದ ಕರೆ ಬಂತು. ನನ್ನಲ್ಲಿಗೆ ಹೊಲಿಗೆ ಕಲಿಯಲು ಹುಡುಗಿಯರು ಬಂದರು. ಅತ್ತೆಯೇ ಅವರಿಗೆ ಚಾಪೆ ಹಾಕಿ, “ನನ್ನ ಸೊಸಿ ಸ್ಟೇಷನ್ನಿನ ಕೌದಿ ಹೊಲದಾಕಿ” ಎಂದು ಹೇಳುತ್ತಿದ್ದರು.

ಒಂದು ಸಲ ತಪಾಸಣೆಗೆ ದೊಡ್ಡ ಸಾಹೇಬರು ಬಂದರಂತೆ. ಸರಕಾರಿ ಕೋಣೆಯಲ್ಲಿ ತೊಟ್ಟಿಲು ಕಂಡು ಸಿಡಿಮಿಡಿಗೊಂಡು, ಈಗಲೇ ತೆಗೆಸಿ ಎಂದರಂತೆ. ಮಾಸ್ತರರು ಬೆರಳು ತುಟಿಗೆ ಇಟ್ಟು, “ಕೂಸು ಮಲಗೇದ್ರಿ ಸಾಹೇಬ್ರ. ಎದ್ದ ಕೂಡಲೇ ತೆಗಸ್ತೇನಿ” ಎಂದರಂತೆ. ಸಾಹೇಬರೂ ದನಿ ಇಳಿಸಿ ಹೊರಗೆ ಬಂದರು. ಅವರ ಗಾಡಿ ಹೊರಟಿತು. ಮುಂದಿನ ಸಲ ಬಂದಾಗ ಇನ್ನೊಂದು ಕೂಸು ಮಲಗಿತ್ತು. ಈ ಕಥೆಯನ್ನು ಮಾಸ್ತರರು ಹೇಳುವಾಗ ಸಾಹೇಬರು ತುದಿಗಾಲಲ್ಲಿ ನಡೆದದ್ದನ್ನು ನಡೆದೇ ತೋರಿಸುತ್ತಿದ್ದರು. ಅವರ ಹೆಂಡತಿ ನಕ್ಕು ನಕ್ಕು ದಮ್ಮು ಹತ್ತಿ ಗೋಡೆ ಹಿಡಿದುಕೊಳ್ಳುತ್ತಿದ್ದರು.

ಯುದ್ಧ ಮುಗಿದ ಮೇಲೆ ಅವರಿಗೆ ವರ್ಗವಾಯಿತು. ತೊಟ್ಟಿಲು ಉಳಿಯಿತು. ಹೊಸ ಮಾಸ್ತರರೂ ಅದನ್ನು ಮುಟ್ಟಲಿಲ್ಲ.

ಈ ವರ್ಷ ನನ್ನ ಮಗಳು ಹೆರಿಗೆಗೆ ಬಂದಳು. ಅದೇ ದಿನಗಳಲ್ಲಿ ಒಂದು ಮಧ್ಯಾಹ್ನ ಮಾಸ್ತರರ ಹೆಂಡತಿ ಬಾಗಿಲಲ್ಲಿ ನಿಂತಿದ್ದರು. ಹಣೆ ಬರಿದಾಗಿತ್ತು. ಒಳಗೆ ಕರೆದುಕೊಂಡು ಕೂಡಿಸಿದೆ. ಬೆಳಗಿನ ಚಹಾ ಕುಡಿದು ಕಪ್ಪು ಇಟ್ಟ ಮಾಸ್ತರರು ಹಾಗೆಯೇ ಒರಗಿದರಂತೆ. ಆಕೆ ಗಂಟು ಬಿಚ್ಚಿ ಅವರ ಒಂದು ಧೋತರ ತೆಗೆದರು. ಒಗೆದು ಒಗೆದು ಬೆಣ್ಣೆಯಂತಾದದ್ದು. “ಸ್ಟೇಷನ್ನಿನ ಕೌದಿ ಜೀರ್ಣ ಆಗೇತಂತ ಕೇಳಿದೆ. ಹೊಸಾದು ಹೊಲಿಯೂದಿದ್ರ ಇದನ್ನೂ ಸೇರಸ್ರಿ ಅಕ್ಕಾರ. ನಮ್ಮ ಮನ್ಯಾಗ ಕೌದಿ ಹಾಸಾಕ ಮಕ್ಕಳಿಲ್ಲ.”

ಸತ್ತವರ ಅರಿವೆ ನಮ್ಮಲ್ಲಿ ಕೌದಿಗೆ ಹೋಗುವುದು ಮನೆಯವರದಾದರೆ ಮಾತ್ರ. ಅತ್ತೆಯ ಕಡೆ ನೋಡಿದೆ. ಅವರು ಸೂಜಿ ಡಬ್ಬಿ ತಂದು ನನ್ನ ಮುಂದೆ ಇಟ್ಟರು.

ಮಾಸ್ತರರ ಹೆಂಡತಿ ನಮ್ಮಲ್ಲಿಯೇ ಉಳಿದರು. ಮಗಳು ಹೆತ್ತಳು, ಹೆಣ್ಣು ಕೂಸು, ಕೆಂಪಗೆ ಗಜ್ಜರಿಯ ಹಾಗೆ! ಅದನ್ನು ಎತ್ತಿಕೊಳ್ಳುವುದು, ಇಳಿಸುವುದು, ನಡುವೆ ಹೊಲಿಯುವುದು. ಧೋತರವನ್ನು ಕೌದಿಯ ನಟ್ಟನಡುವೆ ಇಟ್ಟೆ, ಸುತ್ತಿನ ಹೊಲಿಗೆ ಅಲ್ಲಿಂದ ಶುರುವಾಗುವ ಹಾಗೆ. ಹದಿನೈದು ದಿನದ ಹಿಂದೆ ಮಗಳನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸಲು ಸ್ಟೇಷನ್ನಿಗೆ ಹೋದೆವು. ಹೊಸ ಕೌದಿ ಹಾಸಿ ಮೊಮ್ಮಗಳನ್ನು ಮಲಗಿಸಿದೆ. ಅವಳು ಬೆಚ್ಚಗೆ ಮೈ ಮುರಿದು, ಕಣ್ಣು ಮುಚ್ಚಿ, ಸರಿಯಾಗಿ ನಡುವೆಯೇ ಉಚ್ಚೆ ಹೊಯ್ದಳು.

ನಾನು ಹೌಹಾರಿ ಎತ್ತಿಕೊಳ್ಳಲು ಬಾಗಿದೆ. ಮಾಸ್ತರರ ಹೆಂಡತಿ ನನ್ನ ಕೈ ಹಿಡಿದರು. ನಮ್ಮಲ್ಲಿಗೆ ಬಂದ ಮೇಲೆ ಒಮ್ಮೆಯೂ ನಕ್ಕಿರಲಿಲ್ಲ ಆಕೆ.

“ಇರಲಿ ಬಿಡ್ರಿ ಅಕ್ಕಾರ” ಎಂದರು, ನಗು ತಡೆಯಲಾಗದೆ. “ಅವರ ಧೋತರಾ ತೋಯಿಸೂ ಕೂಸು ಒಂದು ಬೇಕಿತ್ತು.”