ನಾನು ಮುಚ್ಚಿದ ಸಂದುಗಳು

ನಮ್ಮ ಕಡೆಯ ಆಚಾರಿಗಳಿಗೆ ಒಂದು ಸೊಕ್ಕಿದೆ. ಎರಡು ಹಲಗೆ ಕೂಡಿಸಿದರೆ ನಡುವೆ ಬೆಳಕು ನುಸುಳಬಾರದು. ನುಸುಳಿದರೆ ಅಪ್ಪ ಕೊಡತಿಯಿಂದ ನನ್ನ ಬೆನ್ನಿಗೇ ಒಂದು ಬಿಡುತ್ತಿದ್ದರು. ಆ ಸೊಕ್ಕನ್ನು ನಾನು ಉಡುಪಿಯಿಂದ ದುಬೈಗೂ ಹೊತ್ತುಕೊಂಡು ಹೋಗಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸು. ರಾಸ್ ಅಲ್ ಖೋರ್‌ನ ಒಂದು ಮರಗೆಲಸದ ವರ್ಕ್‌ಶಾಪಿನಲ್ಲಿ ನಾನು ಕಾರ್ಪೆಂಟರ್. ಅಲ್ಲಿಗೆ ಒಬ್ಬ ಜಪಾನಿ ಡಿಸೈನರ್ ಬರತೊಡಗಿದರು. ಅವರಿಗೆ ಆಗಿನ್ನೂ ಚಿಕ್ಕ ವಯಸ್ಸು. ಮೊದಲು ಒಂದು ಸ್ಟೂಲು ಮಾಡಿಸಿದರು, ಆಮೇಲೆ ಬೆಂಚು, ಆಮೇಲೆ ಯಾವುದೋ ಅಂಗಡಿಗೆ ಕುರ್ಚಿಗಳು. ಪ್ರತಿ ಸಲವೂ ನನ್ನನ್ನೇ ಕೇಳಿ ಪಡೆಯುತ್ತಿದ್ದರು. ಬಾಗಿ ಮರವನ್ನು ಮೂಸಿ ನೋಡುವ ಅವರ ಚಾಳಿ ಕಂಡು ನಾವೆಲ್ಲ ನಗುತ್ತಿದ್ದೆವು. ಕೊನೆಗೆ ಅವರಿಗೊಂದು ದೊಡ್ಡ ಕೆಲಸ ಸಿಕ್ಕಿತು. ಅಬುಧಾಬಿಯ ಹೋಟೆಲೊಂದರ ಲಾಬಿಗೆ ಎತ್ತರದ ಮರದ ಗೋಡೆ, ಅದರ ಹಿಂದೆ ದೀಪಗಳು.

ಗೋಡೆಯ ಮರದ ಪಟ್ಟಿಗಳ ನಡುವೆ ಮೂರು ಮಿಲಿಮೀಟರ್ ಸಂದು ಎಂದು ಡ್ರಾಯಿಂಗಿನಲ್ಲಿ ಬರೆದಿತ್ತು. ನಾನು ಓದಿದ್ದೆ. ಓದಿಯೂ, ಪಾಪ, ಇವರಿಗೆ ಬಿಗಿಯಾಗಿ ಕೂಡಿಸುವವರು ಸಿಕ್ಕಿಲ್ಲ, ನಾನು ಮಾಡಿ ತೋರಿಸುತ್ತೇನೆ ಎಂದುಕೊಂಡೆ. ಅವರು ಜಪಾನಿಗೆ ಹೋಗಿದ್ದ ಹತ್ತು ದಿನಗಳಲ್ಲಿ ಇಡೀ ಗೋಡೆಯನ್ನು ಅಂಟು ಹಾಕಿ ಒತ್ತೊತ್ತಾಗಿ ಕೂಡಿಸಿದೆ. ಅಗಲ ಕಡಿಮೆಯಾದದ್ದಕ್ಕೆ ಇನ್ನಷ್ಟು ಪಟ್ಟಿ ಸೇರಿಸಿದೆ. ಹೆಮ್ಮೆಯಿಂದ ಉಬ್ಬಿಹೋಗಿದ್ದೆ.

ಡಿಸೈನರ್ ಬಂದವರೇ ಗೋಡೆಯ ಹಿಂದೆ ಹೋಗಿ ದೀಪ ಹಿಡಿದರು. ಈಚೆಗೆ ಒಂದು ಗೆರೆ ಬೆಳಕೂ ಬರಲಿಲ್ಲ. ಸಂದು ಬೇಕಿದ್ದದ್ದು ಆ ಬೆಳಕಿಗೆಂದು ನನಗೆ ಆಗ ಅರ್ಥವಾಯಿತು. ನಮ್ಮ ವರ್ಕ್‌ಶಾಪಿನ ಮ್ಯಾನೇಜರ್ ಕೆಂಡಾಮಂಡಲವಾಗಿ ಬಂದು, ಇದನ್ನು ಮಾಡಿದವನ ವೀಸಾ ಇವತ್ತೇ ಕ್ಯಾನ್ಸಲ್, ಖಲಾಸ್ ಎಂದು ಕೂಗಾಡಿದರು. ದುಬೈಯ ಸತ್ವಾ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಹೆಂಡತಿ ನಾಲ್ಕು ತಿಂಗಳ ಬಸುರಿ. ನನ್ನ ವೀಸಾ ಹೋದರೆ ಅವಳದೂ ಹೋಗುತ್ತಿತ್ತು.

ಡಿಸೈನರ್ ಡ್ರಾಯಿಂಗನ್ನು ಮಡಚಿ ಜೇಬಿಗೆ ಹಾಕಿಕೊಂಡರು.

“ತಪ್ಪು ನನ್ನ ಡ್ರಾಯಿಂಗಿನದು,” ಎಂದರು ತಮ್ಮ ಹರಕು ಇಂಗ್ಲಿಷಿನಲ್ಲಿ. “ಇವರು ಒಳ್ಳೆಯ ಕೆಲಸಗಾರರು. ಇನ್ನೊಮ್ಮೆ ಮಾಡೋಣ.”

ಎರಡನೇ ಗೋಡೆಗೆ ಅವರೇ ಅಂಗಿಯ ತೋಳು ಮಡಚಿ ನನ್ನ ಜೊತೆ ನಿಂತರು. ಸಂದು ಮುಚ್ಚುವುದಕ್ಕಿಂತ ಒಂದೇ ಸಮನಾಗಿ ಸಂದು ಬಿಡುವುದು ಕಷ್ಟವೆಂದು ನನಗೆ ಗೊತ್ತಾದದ್ದು ಆವಾಗಲೇ. ಒಂದು ಗಡಸು ಮಾತು ಆಡದೆ ಕಲಿಸಿದರು. ಅಷ್ಟು ಗೌರವದಿಂದ ನನಗೆ ಯಾರೂ ಏನನ್ನೂ ಕಲಿಸಿರಲಿಲ್ಲ.

ಕೆಲಸ ಮೂರು ವಾರ ತಡವಾಯಿತು. ಅದೇ ಹೋಟೆಲಿನ ರೆಸ್ಟೋರೆಂಟಿನ ಕೆಲಸವೂ ಅವರಿಗೇ ಬರುವುದಿತ್ತಂತೆ. ಹೇಳಿದ ದಿನಕ್ಕೆ ಮುಗಿಸದ ಮನುಷ್ಯನೆಂದು ಹೋಟೆಲಿನವರು ಅದನ್ನು ಬೇರೆಯವರಿಗೆ ಕೊಟ್ಟರು. ಇದು ನನಗೆ ಗೊತ್ತಾದದ್ದು ನಮ್ಮ ಡ್ರೈವರನಿಂದ. ಡಿಸೈನರ್ ಮಾತ್ರ ನನ್ನೆದುರು ಆ ವಿಷಯ ಎತ್ತಲೇ ಇಲ್ಲ.

ಅವತ್ತು ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು.

“ನಾಳೆ ಹೋಗಿ ತಪ್ಪು ನಂದೇ ಅಂತ ಹೇಳಿ ಮಾರಾಯ್ರೆ. ಆದದ್ದಾಗ್ಲಿ.”

ಆಮೇಲೆ ಆ ಡಿಸೈನರ್ ಬೆಳೆದರು. ದೊಡ್ಡ ದೊಡ್ಡ ಊರುಗಳಲ್ಲಿ ಅವರ ಕೆಲಸ ನಿಂತಿದೆಯೆಂದು ಕೇಳಿದಾಗಲೆಲ್ಲ ನನ್ನ ಹೊಟ್ಟೆ ತಂಪಾಗುತ್ತದೆ, ಕೈ ತಾನಾಗಿ ಮುಗಿಯುತ್ತದೆ. ಆದರೆ ಹೆಂಡತಿ ಹೇಳಿದ ಮರುದಿನ ನಾನು ಮ್ಯಾನೇಜರರ ಬಾಗಿಲವರೆಗೆ ಹೋಗಿ, ತಪ್ಪು ಒಪ್ಪಿಕೊಳ್ಳದೆ ವಾಪಸು ಬಂದೆ. ಮಗಳು ದುಬೈಯಲ್ಲೇ ಹುಟ್ಟಿದಳು.