ಜಾಹ್ನವಿ ಅರ್ಜಿಯಲ್ಲಿ ಬರೆಯದೆ ಬಿಟ್ಟದ್ದು

ನನ್ನ ತಮ್ಮ ವಿಶ್ವನಾಥನ ಹೆಂಡತಿ ಜಾಹ್ನವಿ ಮೂವತ್ತೆಂಟನೆಯ ವಯಸ್ಸಿನಲ್ಲಿ ನರ್ಸಿಂಗ್ ಓದಲು ಅರ್ಜಿ ಹಾಕಿದಳು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ, ನೈರೋಬಿಗೆ ಬಂದು ಹದಿನಾಲ್ಕು ವರ್ಷವಾಗಿತ್ತು. ಗಂಡನ ಪರ್ಮಿಟ್ಟಿನ ಮೇಲೆ ಬಂದವಳಾದ್ದರಿಂದ ಇಲ್ಲಿ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ಡಿಗ್ರಿ ಸರ್ಟಿಫಿಕೇಟು ಬೀರುವಿನಲ್ಲಿ ಸೀರೆಗಳ ಕೆಳಗೆ ಮಲಗಿತ್ತು. ಬೇರೆ ಡಿಗ್ರಿ ಮಾಡಿದವರನ್ನೂ ತೆಗೆದುಕೊಂಡು ಎರಡೂವರೆ ವರ್ಷದಲ್ಲಿ ನರ್ಸ್ ಮಾಡುವ ಕೋರ್ಸು ಅಪ್ಪರ್ ಹಿಲ್‌ನ ಒಂದು ಕಾಲೇಜಿನಲ್ಲಿದೆ ಎಂದು ಅವಳ ಕಿವಿಗೆ ಹಾಕಿದವರು ಕೆಳಗಿನ ಮನೆಯ ಸಿಲ್ವಿಯಾಬಾಯಿ. ಮಂಗಳೂರಿನ ಕಡೆಯವರು, ಶಾಲೆಯ ಟೀಚರ್.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ಮಾತ್ರೆ ಒತ್ತುವ ಯಂತ್ರದ ಫಿಟ್ಟರ್ ಆಗಿ ಇಲ್ಲಿಗೆ ಬಂದು, ಆಮೇಲೆ ತಮ್ಮನನ್ನೂ ಅದೇ ಔಷಧಿ ಕಾರ್ಖಾನೆಗೆ ಸೇರಿಸಿದೆ. ಮದುವೆಯಾಗಲಿಲ್ಲ. ನನ್ನ ಸಿಟ್ಟಿನ ಸುದ್ದಿ ನನಗಿಂತ ಮೊದಲೇ ಹೆಣ್ಣಿನ ಮನೆ ತಲುಪಿರುತ್ತಿತ್ತು. ಹೈರಿಡ್ಜ್‌ನ ಮೂರು ಕೋಣೆಯ ಫ್ಲ್ಯಾಟಿನಲ್ಲಿ ತಮ್ಮನ ಸಂಸಾರದ ಜೊತೆಗೇ ಇದ್ದೇನೆ. ಅಮ್ಮನೂ ನಮ್ಮೊಡನೆ ಇದ್ದಳು. ಅವಳಿಗೆ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಯಿತು. ಇಪ್ಪತ್ತಾರು ತಿಂಗಳು ಹಾಸಿಗೆಯಲ್ಲೇ ಇದ್ದು ಹೋದ ವರ್ಷ ತೀರಿಕೊಂಡಳು. ನೋಡಿಕೊಂಡವಳು ಜಾಹ್ನವಿ. ನಾನು ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು ‘ಅಮ್ಮಾ, ಬರ್ತೀನಿ’ ಅನ್ನುತ್ತಿದ್ದೆ. ಅಷ್ಟೆ.

ಜಾಹ್ನವಿ ಪ್ರವೇಶ ಪರೀಕ್ಷೆಯಲ್ಲಿ ಪಾಸಾದಳು. ಸೀಟು ಸಿಕ್ಕಿತೆಂದೇ ನಾವೆಲ್ಲ ಅಂದುಕೊಂಡಿದ್ದಾಗ ಒಂದು ಸೋಮವಾರ ಕಾಲೇಜಿನಿಂದ ಮೇಲ್ ಬಂತು. ರೋಗಿಗಳ ಆರೈಕೆಯ ಅನುಭವ ಎಂಬ ಜಾಗದಲ್ಲಿ ಅವಳು ‘ಇಲ್ಲ’ ಎಂದು ಬರೆದಿದ್ದಾಳೆ. ಕನಿಷ್ಠ ನೂರು ಗಂಟೆಯ ಅನುಭವಕ್ಕೆ ಶುಕ್ರವಾರದೊಳಗೆ ಆಧಾರ ತೋರಿಸದಿದ್ದರೆ ಸೀಟು ಪಟ್ಟಿಯಲ್ಲಿ ಮುಂದಿರುವವರಿಗೆ ಹೋಗುತ್ತದೆ.

ರಾತ್ರಿ ಊಟಕ್ಕೆ ಕೂತಾಗ ತಮ್ಮ ಮೆಲ್ಲಗೆ ಮಾತು ತೆಗೆದ. “ಅಮ್ಮನ್ನ ನೋಡ್ಕೊಂಡಿದ್ದು ಬರೀಬಹುದಿತ್ತಲ್ವಾ?”

ನನಗೆ ಸಿಟ್ಟು ನೆತ್ತಿಗೇರಿತು. “ಏನಂದೆ? ನಮ್ಮಮ್ಮನ ಮೈ ತೊಳೆದಿದ್ದು, ಬಟ್ಟೆ ಬದಲಾಯಿಸಿದ್ದು, ಅದನ್ನೆಲ್ಲಾ ಅರ್ಜೀಲಿ ಬರ್ದು ಊರೋರಿಗೆ ಓದ್ಸೋದಾ? ಅಮ್ಮನ್ನ ಮನೇಲಿ ಇಟ್ಕೊಂಡಿದ್ವಾ, ಇಲ್ಲಾ ಆಸ್ಪತ್ರೆ ನಡೆಸ್ತಿದ್ವಾ?”

“ದೊಡ್ಡಪ್ಪ, ಯು ಆರ್ ಶೌಟಿಂಗ್,” ಅಂದಳು ತಮ್ಮನ ಮಗಳು ಶರ್ವಾಣಿ.

“ಶೌಟೇ ಮಾಡ್ತಿರೋದು. ನೀನು ಊಟ ಮಾಡು.”

ಜಾಹ್ನವಿ ಸಾರಿನ ಪಾತ್ರೆಯನ್ನು ನನ್ನ ಕಡೆ ಸರಿಸಿದಳು. “ಭಾವ ಹೇಳೋದು ಸರೀನೇ. ಅತ್ತೆಗೆ ಮಾಡಿದ್ದನ್ನ ಗಂಟೆ ಲೆಕ್ಕ ಹಾಕಿ ತೋರಿಸ್ಬಾರ್ದು ಅಂತಾನೇ ನಾನು ಇಲ್ಲ ಅಂತ ಬರೆದಿದ್ದು. ನಮ್ಮಮ್ಮನೂ ಅವರತ್ತೆಗೆ ಮಾಡಿದ್ರು, ಯಾರ ಹತ್ರಾನೂ ಹೇಳ್ಲಿಲ್ಲ. ಬಿಡಿ.” ಬಿಡಿ ಅಂದಳೇ ಹೊರತು ತಟ್ಟೆಯಲ್ಲಿದ್ದ ಅನ್ನ ಹಾಗೇ ಉಳಿಯಿತು.

ಮರುದಿನ ಕೆಲಸಕ್ಕೆ ಹೊರಟಾಗ ಮೆಟ್ಟಿಲ ಮೇಲೆ ಸಿಲ್ವಿಯಾಬಾಯಿ ಸಿಕ್ಕಿದರು.

“ಎಂತ ಬಾಲಣ್ಣ, ನಿನ್ನೆ ನಿಮ್ಮ ಭಾಷಣ ನಮ್ಮ ಅಡುಗೆಮನೆಗೆ ಸಹ ಕೇಳ್ತಿತ್ತು.”

“ಮನೆ ವಿಷಯ, ಬಾಯಿ.”

“ಹೌದು, ಮನೆ ವಿಷಯ. ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ ಆಯ್ತಾ? ಆ ಕೆಲಸ ಮಾಡಿದ್ದು ನೀವಾ, ಅವಳಾ?”

“ಅವಳೇ.”

“ಹಾಗಾದ್ರೆ ಮರ್ಯಾದೆ ಮಾತ್ರ ನಿಮ್ದು ಹೇಗೆ ಮಾರಾಯ್ರೆ?”

ನಾನು ದಡದಡ ಮೆಟ್ಟಿಲು ಇಳಿದು ಹೋದೆ. ಮಟಾಟು ವ್ಯಾನಿನಲ್ಲಿ ಕಂಡಕ್ಟರಿನ ಮೇಲೆ ರೇಗಿದೆ, ಕಾರ್ಖಾನೆಯಲ್ಲಿ ಸ್ಪ್ಯಾನರಿನ ಮೇಲೆ ರೇಗಿದೆ. ಆ ಹೆಂಗಸಿನ ಮಾತು ಮಾತ್ರ ಕಿವಿಯಿಂದ ಹೋಗಲಿಲ್ಲ.

ಸಂಜೆ ಮನೆಗೆ ಬಂದವನು ಬಹಳ ದಿನದ ಮೇಲೆ ಅಮ್ಮನ ಕೋಣೆಗೆ ಕಾಲಿಟ್ಟೆ. ಮಂಚವನ್ನು ಯಾರಿಗೋ ಕೊಟ್ಟಾಗಿತ್ತು. ಊರಿಂದ ತರಿಸುವ ದೊಡ್ಡ ಅಂಕಿಯ ಕ್ಯಾಲೆಂಡರುಗಳು ಮಾತ್ರ, ಮೂರು ವರ್ಷದವು, ಒಂದರ ಮೇಲೊಂದು ಅದೇ ಮೊಳೆಗೆ ನೇತಾಡುತ್ತಿದ್ದವು. ತೆಗೆದು ಬಿಸಾಡೋಣವೆಂದು ಕೈ ಹಾಕಿದೆ. ಪ್ರತಿ ತಾರೀಕಿನ ಚೌಕದಲ್ಲೂ ಇರುವೆಸಾಲಿನಂತೆ ಸಣ್ಣಕ್ಷರ. ಆರು ಎ, ಎಂಟು ಬೆ, ಹತ್ತು ಬ. ಏಕಾದಶಿ, ಹಾಲು, ಪೇಪರು ಏನೋ ಜಾಹ್ನವಿ ಗುರುತು ಹಾಕಿಕೊಂಡಿದ್ದಾಳೆ ಎಂದು ನಾನು ಅಷ್ಟು ದಿನವೂ ಅಂದುಕೊಂಡಿದ್ದೆ.

“ಇದೇನೇ ಪುಟ್ಟಿ?” ಎಂದು ಶರ್ವಾಣಿಯನ್ನು ಕೇಳಿದೆ.

“ದಟ್ಸ್ ಅಜ್ಜೀಸ್ ಟರ್ನಿಂಗ್,” ಅಂದಳು. “ಎ ಅಂದ್ರೆ ಎಡ, ಬ ಬಲ, ಬೆ ಬೆನ್ನು. ಹುಣ್ಣಾಗ್ಬಾರ್ದು ಅಂತ ಅಮ್ಮ ಮಗ್ಗುಲು ಹೊರಳಿಸ್ತಿದ್ಳಲ್ಲ, ಎವೆರಿ ಟೂ ಅವರ್ಸ್. ದೊಡ್ಡಪ್ಪ, ಯು ಡಿಡಂಟ್ ನೋ?”

ಗೊತ್ತಿರಲಿಲ್ಲ. ಆದರೆ ಅಂಥ ಕಾಗದ ಓದುವುದು ಮಾತ್ರ ನನಗೆ ಚೆನ್ನಾಗಿ ಗೊತ್ತು. ನಮ್ಮ ಯಂತ್ರದ ಪಕ್ಕದಲ್ಲೂ ಒಂದು ಹಾಳೆ ಇರುತ್ತದೆ. ಅರ್ಧ ಗಂಟೆಗೊಮ್ಮೆ ಮಾತ್ರೆ ತೂಗಿ ಬರೆಯಬೇಕು. ಸೋಮಾರಿಗಳು ಶಿಫ್ಟು ಮುಗಿಯುವಾಗ ಕೂತು ಎಲ್ಲವನ್ನೂ ಒಟ್ಟಿಗೆ ತುಂಬುತ್ತಾರೆ. ಒಂದೇ ಶಾಯಿ, ಒಂದೇ ವಾಲು. ದೂರದಿಂದ ನೋಡಿದರೂ ಕಳ್ಳತನ ಕಣ್ಣಿಗೆ ಹೊಡೆಯುತ್ತದೆ. ನಾನು ಕ್ಯಾಲೆಂಡರನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಳ್ಳತನವನ್ನೇ ಹುಡುಕಿದೆ. ಒಂದು ಕಡೆ ನೀಲಿ, ಒಂದು ಕಡೆ ಪೆನ್ಸಿಲ್ಲು, ಒಂದು ಕಡೆ ಮಗಳ ಹಸಿರು ಸ್ಕೆಚ್‌ಪೆನ್ನು. ಬೆಳಗಿನ ಜಾವ ನಾಲ್ಕರ ಅಕ್ಷರಗಳು ನಿದ್ದೆಗಣ್ಣಿನಲ್ಲಿ ಪಕ್ಕದ ಚೌಕಕ್ಕೆ ಜಾರಿದ್ದವು. ಯುಗಾದಿಯ ದಿನವೂ ಇತ್ತು. ಅವಳಿಗೆ ಜ್ವರ ಬಂದು ಮಲಗಿದ್ದ ವಾರದಲ್ಲೂ ಇತ್ತು, ಅಕ್ಷರ ಸ್ವಲ್ಪ ದೊಡ್ಡದಾಗಿ. ಇಪ್ಪತ್ತಾರು ತಿಂಗಳಲ್ಲಿ ಎರಡು ಕಡೆ ಮಾತ್ರ ‘ಮರೆತೆ’ ಎಂದು ಬರೆದಿದ್ದಳು. ಯಾರೂ ನೋಡದ ಕ್ಯಾಲೆಂಡರಿನಲ್ಲಿ, ಯಾರೂ ಕೇಳದೆ, ಮರೆತೆ ಎಂದು. ನನ್ನ ಸರ್ವೀಸಿನಲ್ಲಿ ಯಾವ ಹಾಳೆಯಲ್ಲೂ ನಾನು ಆ ಪದ ಕಂಡವನಲ್ಲ. ನೆಲದ ಮೇಲೆ ಕೂತು ಮೊದಲ ಹಾಳೆಯಿಂದ ಮತ್ತೆ ಓದಿದೆ.

ಅಡುಗೆಮನೆಗೆ ಹೋಗಿ ಜಾಹ್ನವಿಗೆ, “ಇದನ್ನ ಕಾಲೇಜಿಗೆ ತಗೊಂಡು ಹೋಗಮ್ಮ,” ಅಂದೆ.

“ಬೇಡ ಭಾವ. ಆಗ್ಲೇ ಮಾತಾಡಿ ಆಯ್ತಲ್ಲ.”

“ಅದು ತಪ್ಪು ಮಾತು. ಮನೆ ಕಡೆಯಿಂದ ಯಾರಾದ್ರೂ ಹೇಳ್ಬೇಕಂದ್ರೆ ಹಿರೀಮಗ ನಾನಿದ್ದೀನಿ. ರಜ ಹಾಕಿ ಬರ್ತೀನಿ.”

ಗುರುವಾರ ಇಬ್ಬರೂ ಅಪ್ಪರ್ ಹಿಲ್‌ಗೆ ಹೋದೆವು. ಪ್ರವೇಶ ನೋಡಿಕೊಳ್ಳುವವರು ಮಿಸೆಸ್ ಕೆಮುಂಟೊ, ಮೂವತ್ತು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿದ ಹಿರಿಯ ನರ್ಸ್. ಮನೆಯವರೇ ಬಂದು ಹೇಳುವುದು ಆಧಾರವಲ್ಲ ಎಂದು ಕೂತ ಕೂಡಲೇ ಅಂದರು. ನಾನು ಕುರ್ಚಿಯಿಂದ ಎದ್ದೆ. ನನ್ನ ಮುರುಕು ಇಂಗ್ಲಿಷಿನಲ್ಲಿ ಏನು ಬರುತ್ತಿತ್ತೋ ಗೊತ್ತಿಲ್ಲ. ಜಾಹ್ನವಿ ಕನ್ನಡದಲ್ಲಿ, “ಭಾವ, ಕೂತ್ಕೊಳ್ಳಿ,” ಅಂದಳು. ಆ ದನಿಯಲ್ಲಿ ಅವಳು ನನ್ನೊಡನೆ ಎಂದೂ ಮಾತಾಡಿದವಳಲ್ಲ. ಕೂತೆ.

ಅವಳು ಕ್ಯಾಲೆಂಡರುಗಳನ್ನು ಮೇಜಿನ ಮೇಲೆ ಬಿಡಿಸಿ ಅಕ್ಷರಗಳ ಅರ್ಥ ಹೇಳಿದಳು. ಕೆಮುಂಟೊ ಕನ್ನಡಕ ಹಾಕಿಕೊಂಡರು. ಒಂದು ಹಾಳೆ, ಎರಡು ಹಾಳೆ. ಮಾರ್ಚಿ ತಿಂಗಳ ಒಂದು ಚೌಕದ ಮೇಲೆ ಬೆರಳಿಟ್ಟು, ಇಲ್ಲಿ ಸುತ್ತು ಹಾಕಿದ್ದೀಯಲ್ಲ, ಏನು ಎಂದು ಕೇಳಿದರು.

“ಹಿಮ್ಮಡಿ ಕೆಂಪಾಗಿತ್ತು,” ಎಂದು ಜಾಹ್ನವಿ ಇಂಗ್ಲಿಷಿನಲ್ಲಿ ಹೇಳಿದಳು. “ಒತ್ತಿದರೂ ಬಿಳಿಚಿಕೊಳ್ಳುತ್ತಿರಲಿಲ್ಲ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದೆ. ಒಂಬತ್ತು ದಿನಕ್ಕೆ ಹೋಯಿತು.”

“ಯಾರು ಹೇಳಿಕೊಟ್ಟರು?”

“ಯಾರೂ ಇಲ್ಲ. ಮುಟ್ಟಿ ನೋಡಿದೆ, ಬಿಸಿಯಿತ್ತು.”

“ಈ ಪದ?”

“ಮರೆತೆ ಅಂತ.”

ಕೆಮುಂಟೊ ಅವಳನ್ನು ಒಂದು ಸಲ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. “ನೀವು ಹಿರಿಯ ಮಗ. ನಿಮ್ಮ ತಾಯಿಯ ಬೆನ್ನಿನಲ್ಲಿ, ಸೊಂಟದಲ್ಲಿ ಹುಣ್ಣಾಗಿತ್ತೇ?”

ಸಾಕ್ಷಿ ಹೇಳಲು ಬಂದವನು ನಾನು. ಇಪ್ಪತ್ತಾರು ತಿಂಗಳು ಅದೇ ಮನೆಯಲ್ಲಿದ್ದವನು. “ಗೊತ್ತಿಲ್ಲ,” ಅಂದೆ. “ನಾನು ನೋಡಿಲ್ಲ.”

ಮನೆಯವರಲ್ಲದ ಯಾರಾದರೂ ನೋಡಿದ್ದಾರೆಯೇ ಎಂದು ಕೇಳಿದರು. ಆಗ ನೆನಪಾಯಿತು. ಅಮ್ಮ ಹೋದ ದಿನ ಇಲ್ಲಿ ನಮಗೆ ಬಂಧುಬಳಗದ ಹೆಂಗಸರು ಯಾರಿದ್ದರು? ದೇಹಕ್ಕೆ ಸ್ನಾನ ಮಾಡಿಸಲು ಜಾಹ್ನವಿಯ ಜೊತೆ ನಿಂತವರು ಸಿಲ್ವಿಯಾಬಾಯಿ. ಕೆಮುಂಟೊ ಅಲ್ಲಿಂದಲೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಸಿಲ್ವಿಯಾಬಾಯಿ ಶಾಲೆಯಲ್ಲಿದ್ದರು, ಹಿಂದೆ ಮಕ್ಕಳ ಗಲಾಟೆ. ಪ್ರಶ್ನೆ ಕೇಳಿಸಿಕೊಂಡು ಕ್ಲಾಸಿನಿಂದ ಹೊರಗೆ ಬಂದರು.

“ಒಂದು ಗೀರು ಸಹ ಇರಲಿಲ್ಲ ಮೇಡಂ,” ಅಂದರು ಇಂಗ್ಲಿಷಿನಲ್ಲಿ. “ನಾನೇ ಬೆನ್ನಿಗೆ ನೀರು ಹಾಕಿದ್ದು. ಎರಡು ವರ್ಷ ಮಲಗಿದವರ ಬೆನ್ನು ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ಮಗುವಿನ ಬೆನ್ನಿನ ಹಾಗೆ ಇತ್ತು.”

ಕೆಮುಂಟೊ ಫೋನು ಇಟ್ಟರು. ಇಂಥದ್ದು ತಮ್ಮ ವಾರ್ಡಿನಲ್ಲೂ ಎಲ್ಲ ಸಲ ಆಗುವುದಿಲ್ಲ ಎಂದು ಮೆಲ್ಲಗೆ ಅಂದರು. ಅರ್ಜಿ ತೆಗೆದು ‘ಇಲ್ಲ’ ಎಂಬುದರ ಮೇಲೆ ಒಂದೇ ಗೆರೆ ಎಳೆದು, ಪೆನ್ನನ್ನು ಜಾಹ್ನವಿಯ ಕೈಗೆ ಕೊಟ್ಟು, “ನೀನೇ ಬರಿ,” ಅಂದರು. ಸಿಲ್ವಿಯಾಬಾಯಿಯಿಂದ ಒಂದು ಪತ್ರ ಬರೆಸಿ ಕಳಿಸಲು ಹೇಳಿದರು. ಹೊರಗೆ ಬಂದ ಮೇಲೆ ನಾನು ಏನಾದರೂ ಹೇಳಬೇಕಿತ್ತು. ಅವಳ ಕೈಯಿಂದ ಕ್ಯಾಲೆಂಡರಿನ ಸುರುಳಿ ತೆಗೆದುಕೊಂಡು ಮನೆಯ ತನಕ ನಾನೇ ಹೊತ್ತುಕೊಂಡು ಬಂದೆ.

ಸೆಪ್ಟೆಂಬರಿನಲ್ಲಿ ತರಗತಿ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಮಟಾಟು ಹಿಡಿಯುತ್ತಾಳೆ; ಕ್ಲಾಸಿನಲ್ಲಿ ಅವಳಿಗೆ ಇಲ್ಲಿಯ ರೂಢಿಯಂತೆ ‘ಮಾಮಾ ಶರ್ವಾಣಿ’, ಅಂದರೆ ಶರ್ವಾಣಿಯ ಅಮ್ಮ, ಎಂದೇ ಹೆಸರಂತೆ. ಎರಡನೆಯ ವಾರ ರೋಗಿಯನ್ನು ಮಗ್ಗುಲು ಹೊರಳಿಸುವ ಪಾಠ. ಮರುದಿನ ಪರೀಕ್ಷೆ. ಸಂಜೆ ಹಾಲ್‌ನಲ್ಲಿ ಚಾಪೆ ಹಾಸಿ, ಹಾಳೆ ಹಿಡಿದುಕೊಂಡು, ಅಭ್ಯಾಸಕ್ಕೆ ರೋಗಿಯಾಗಿ ಮಲಗಬೇಕಿದ್ದ ಗಂಡನಿಗಾಗಿ ಕಾಯುತ್ತಿದ್ದಳು. ಅವನು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದ.

“ನಾನು ಮಲಗ್ತೀನಿ,” ಅಂದೆ.

ಅವಳು ಹಿಂದೆಗೆದಳು. ಹದಿನಾಲ್ಕು ವರ್ಷದಲ್ಲಿ ಕಾಫಿ ಲೋಟ ಕೊಡುವಾಗಲೂ ಬೆರಳು ತಾಗದ ಹಾಗೆ ಇಟ್ಟವಳು. “ಭಾವ, ನಿಮ್ಮನ್ನ ಹೇಗೆ ಮುಟ್ಲಿ?”

“ರೋಗಿ ಅಂತ ಮುಟ್ಟು. ಎಂಬತ್ತೇಳು ಕೆ.ಜಿ. ಇದ್ದೀನಿ, ಸೊಂಟ ಹಿಡ್ಕೊಂಡ್ರೆ ನನ್ನ ಬೈಬೇಡ.”

ಮಲಗಿದೆ. ಅವಳು ನನ್ನ ತೋಳನ್ನು ಎದೆಯ ಮೇಲೆ ಇಟ್ಟಳು, ಮೊಣಕಾಲು ಮಡಿಸಿದಳು, ಒಂದು ಅಂಗೈ ಭುಜಕ್ಕೆ, ಒಂದು ಸೊಂಟಕ್ಕೆ. ಎಳೆದ ಹಾಗೂ ಅನಿಸಲಿಲ್ಲ. ನನ್ನ ಇಡೀ ಭಾರ ನೀರಿನಂತೆ ಅತ್ತ ಸರಿದು ಗೋಡೆಯ ಕಡೆ ಮುಖ ಬಂತು. ದಿಂಬು ಬೆನ್ನಿಗೆ ಬಂದು ಕೂತಿತು. ಇಷ್ಟು ಹಗುರವಾಗಿ ನನ್ನನ್ನು ಯಾರೂ ಯಾವತ್ತೂ ಹಿಡಿದದ್ದಿಲ್ಲ. ನಮ್ಮಮ್ಮನಿಗೆ ದಿನಕ್ಕೆ ಹನ್ನೆರಡು ಸಲ ಹೀಗಾಗುತ್ತಿತ್ತು. ಕಣ್ಣು ತುಂಬಿತು. ಗೋಡೆಯ ಕಡೆ ಮುಖವಿದ್ದದ್ದು ಒಳ್ಳೆಯದಾಯಿತು.

“ಅಮ್ಮಾ, ಯು ಮಿಸ್ಡ್ ಸ್ಟೆಪ್ ಟೂ,” ಅಂದಳು ಹಾಳೆ ನೋಡುತ್ತಿದ್ದ ಶರ್ವಾಣಿ. “ಪೇಷಂಟ್‌ಗೆ ಮೊದಲು ಹೇಳ್ಬೇಕು.”

“ಅಯ್ಯೋ, ಹೌದು. ಅತ್ತೆಗೆ ಹೇಳದೆ ಒಂದು ದಿನಾನೂ ತಿರುಗಿಸಿದ್ದಿಲ್ಲ. ನಿಮ್ಮನ್ನ ಕಂಡು ಹೆದರಿ ಮರೆತೆ, ಭಾವ. ಇನ್ನೊಂದ್ಸಲ ಮಾಡ್ಲಾ?”

“ಮಾಡು,” ಅಂದೆ.

ಅವಳು ನನ್ನ ಭುಜದ ಹತ್ತಿರ ಬಾಗಿ, ಅಮ್ಮನಿಗೆ ಹೇಳುತ್ತಿದ್ದ ದನಿಯಲ್ಲೇ ಇರಬೇಕು, ಹೇಳಿದಳು: “ಈಗ ನಿಮ್ಮನ್ನ ಈ ಕಡೆ ತಿರುಗಿಸ್ತೀನಿ. ನಾನು ಹಿಡ್ಕೊಂಡಿದ್ದೀನಿ, ಬೀಳಲ್ಲ.”